ಹಸಿ ಕಟ್ಟಿಗೆ ಮತ್ತು ರಕ್ತದ ಕೊಬ್ಬು

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನ್ಯಾಯದರ್ಶನದ ಪ್ರಕಾರ ಸರಿಯಾದ ಅನುಮಾನ. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸುವುದು ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಲು ಹಸಿ ಕಟ್ಟಿಗೆ ಬೇಕು. ನಡುವೆ ಅವಿತಿರುವ ಇಂಥ ಷರತ್ತಿಗೆ ನೈಯಾಯಿಕರು ‘ಉಪಾಧಿ’ ಎಂದು ಹೆಸರಿಟ್ಟರು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಇಳಿಸುವ ಔಷಧಗಳ ಪ್ರಯೋಗಗಳು ಎಡವಿದ್ದು ಬಹುಮಟ್ಟಿಗೆ ಇಲ್ಲಿಯೇ.

ಬೊಜ್ಜು ಬೆಳೆದಂತೆ ಇನ್ಸುಲಿನ್ನಿನ ಹಿಡಿತ ಸಡಿಲವಾಗುತ್ತದೆ. ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳು ಯಕೃತ್ತಿಗೆ ಹರಿಯುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ತುಂಬಿದ ಕಣಗಳಾಗಿಸಿ ರಕ್ತಕ್ಕೆ ಬಿಡುತ್ತದೆ. ಇಂಥವರಲ್ಲಿ ಹೃದಯಾಘಾತವೂ ಹೆಚ್ಚು. ಒಂದನ್ನು ಇಳಿಸಿದರೆ ಇನ್ನೊಂದೂ ತಗ್ಗೀತು ಎಂದು ಎಣಿಸುವುದು ಸಹಜ. ಟೈಪ್ 2 ಮಧುಮೇಹವಿದ್ದ 10,497 ಜನರನ್ನು ಸೇರಿಸಿಕೊಂಡು ಪೆಮಾಫೈಬ್ರೇಟ್ ಎಂಬ ಔಷಧವನ್ನು ಪರೀಕ್ಷಿಸಿದ ‘ಪ್ರಾಮಿನೆಂಟ್’ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಟ್ರೈಗ್ಲಿಸರೈಡ್ ಸುಮಾರು ಶೇ. 26ರಷ್ಟು ಇಳಿದಿತ್ತು. ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಇಳಿದಿರಲಿಲ್ಲ. ಇಂಥ ಕಣ ಒಂದೊಂದರಲ್ಲೂ ‘ಅಪೊ-ಬಿ’ ಪ್ರೋಟೀನಿನ ಒಂದೇ ಅಣು ಇರುತ್ತದೆ. ಆ ಪ್ರೋಟೀನು ಸುಮಾರು ಶೇ. 5ರಷ್ಟು ಏರಿತ್ತು. ಅಂದರೆ ಕಣಗಳೆಂಬ ಗಾಡಿಗಳ ಹೊರೆ ಹಗುರಾಯಿತು, ಗಾಡಿಗಳು ಕಡಿಮೆಯಾಗಲಿಲ್ಲ. ರಕ್ತನಾಳದ ಗೋಡೆಯೊಳಗೆ ನುಗ್ಗಿ ಸಿಕ್ಕಿಕೊಳ್ಳುವುದು ಗಾಡಿಯೇ. ಹಸಿ ಕಟ್ಟಿಗೆ ಇದೇ ಇರಬೇಕೆಂದು ಈಗ ಹಲವು ಸಂಶೋಧಕರು ನಂಬುತ್ತಾರೆ.

ಮೀನೆಣ್ಣೆಯಿಂದ ಪಡೆಯುವ ಐಕೋಸಪೆಂಟ್ ಈಥೈಲ್ ಎಂಬ ಔಷಧದ ಪ್ರಯೋಗ 2018ರಲ್ಲಿ ಇದಕ್ಕೆ ತಿರುಗುಮುರುಗಾದ ಒಗಟೊಡ್ಡಿತ್ತು. ಹೃದ್ರೋಗದ ಘಟನೆಗಳು ಕಾಲುಭಾಗದಷ್ಟು ತಗ್ಗಿದವು; ಆದರೆ ಟ್ರೈಗ್ಲಿಸರೈಡ್ ಎಷ್ಟಕ್ಕೆ ಇಳಿಯಿತು ಎಂಬುದಕ್ಕೂ ಆ ಲಾಭಕ್ಕೂ ಹೊಂದಿಕೆ ಕಾಣಲಿಲ್ಲ. ಹೋಲಿಕೆಗೆ ಕೊಟ್ಟ ಖನಿಜ ತೈಲವೇ ಎದುರು ಗುಂಪಿಗೆ ಕೆಡುಕು ಮಾಡಿತೇನೋ ಎಂಬ ವಾದವೂ ಮುಗಿದಿಲ್ಲ.

ಕಾದ ಕಬ್ಬಿಣದ ಗುಂಡಿಗೂ ಸರಿಜೋಡಿಯುಂಟು. ಊಟದ ಕೊಬ್ಬನ್ನು ಹೊರುವ ಕೈಲೋಮೈಕ್ರಾನ್ ಕಣಗಳು ಕರಗದೆ ಉಳಿಯುವ ಅಪರೂಪದ ವಂಶವಾಹಿ ಕಾಯಿಲೆಯಲ್ಲಿ ಟ್ರೈಗ್ಲಿಸರೈಡ್ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಸಾವಿರಗಳಿಗೆ ಏರಿದರೂ ರಕ್ತನಾಳಗಳು ಆ ಪ್ರಮಾಣದಲ್ಲಿ ಕಟ್ಟಿಕೊಳ್ಳುವುದಿಲ್ಲ. ಆ ಕಣಗಳು ಗೋಡೆ ಹೊಕ್ಕಲಾರದಷ್ಟು ದೊಡ್ಡವು. ಅಲ್ಲಿ ಏಟು ಬೀಳುವುದು ಮೇದೋಜೀರಕ ಗ್ರಂಥಿಗೆ, ಅದೂ ಟ್ರೈಗ್ಲಿಸರೈಡಿನಿಂದಲೇ. ಯಕೃತ್ತಿನಲ್ಲಿ ಅಪೊ-ಸಿ3 ಎಂಬ ಪ್ರೋಟೀನಿನ ತಯಾರಿಕೆಯನ್ನು ತಡೆಯುವ ಒಲೆಜಾರ್ಸೆನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿದ್ದು ಈ ಕಾಯಿಲೆಗಾಗಿ. ಬೊಜ್ಜಿರುವವರಲ್ಲೂ ಮಟ್ಟ ಸಾವಿರ ದಾಟಿದರೆ ಗ್ರಂಥಿಯನ್ನು ಉಳಿಸಲು ಅದನ್ನು ಇಳಿಸಲೇಬೇಕು. ಮುನ್ನೂರರ ಆಸುಪಾಸಿನಲ್ಲಿ ಅದೇ ಅಂಕಿ ಬಹುಮಟ್ಟಿಗೆ ಬೇರೆ ಯಾವುದರದೋ ಗುರುತು. ಅಲ್ಲಿ ತೂಕ ಇಳಿಸುವುದು, ಕಣಗಳನ್ನೇ ಕಡಿಮೆ ಮಾಡುವ ಸ್ಟ್ಯಾಟಿನ್ ಕೊಡುವುದು ಮೊದಲು ಬರುತ್ತವೆ.