ನರಳುವವರ ಮುಂದೆ ಕರ್ಮದ ಲೆಕ್ಕವೇಕೆ?

ತೂಕ ಇಳಿಸುವ ಆಪರೇಷನ್ ಆಗಿ ಮನೆಗೆ ಬಂದ ಎರಡನೇ ವಾರ ನನಗೆ ಹೊಟ್ಟೆನೋವು ಶುರುವಾಯಿತು. ಸಿ.ಟಿ. ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣಬೇಕಾದ ಪೋರ್ಟಲ್ ರಕ್ತನಾಳದ ನಡುವೆ ಬೂದು ಗೆರೆಯೊಂದಿತ್ತು. ಕರುಳಿನಿಂದ ಲಿವರ್‌ಗೆ ಹೋಗುವ ದಾರಿಯಲ್ಲೇ ರಕ್ತ ಹೆಪ್ಪುಗಟ್ಟಿತ್ತು. ಜಠರದ ಮುಕ್ಕಾಲು ಪಾಲು ತೆಗೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯ ನಂತರ ನೂರಕ್ಕೆ ಒಬ್ಬರಿಗೆ ಬಂದರೆ ಹೆಚ್ಚು ಎನ್ನುವಂಥ ತೊಂದರೆ ಇದು.

ನೋಡಲು ಬಂದ ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಾ, “ದೇವರು ಕೊಟ್ಟ ಹೊಟ್ಟೆ ಕೊಯ್ಸಿಕೊಂಡೆಯಲ್ಲೇ, ಮಾಡಿದ ಕರ್ಮ ಬಿಡುತ್ತಾ?” ಅಂದರು. ಅವರಿಗೆ ನನ್ನ ಮೇಲೆ ಪ್ರೀತಿಯಿದೆ. ಆದರೂ ಆ ಮಾತನ್ನು, ದೈವವನ್ನು ನಂಬುವವಳಾಗಿಯೇ, ನಾನು ಒಪ್ಪಲಾರೆ.

ಗೀತೆಯ 18ನೇ ಅಧ್ಯಾಯ ಯಾವ ಕರ್ಮಕ್ಕೂ ಐದು ಕಾರಣ ಹೇಳುತ್ತದೆ: ದೇಹ, ಕರ್ತೃ, ಸಾಧನಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದು ದೈವ. ಇಷ್ಟಿದ್ದೂ ತಾನೊಬ್ಬನೇ ಕರ್ತೃ ಎಂದುಕೊಳ್ಳುವವನ ಬುದ್ಧಿ ಪಕ್ವವಾಗಿಲ್ಲ ಎಂದೂ ಅಲ್ಲೇ ಇದೆ. ನನ್ನ ಕಾಯಿಲೆಯನ್ನೂ ಹೀಗೆಯೇ ನೋಡಬೇಕು. ಲ್ಯಾಪರೊಸ್ಕೋಪಿಗೆಂದು ಹೊಟ್ಟೆಗೆ ತುಂಬುವ ಕಾರ್ಬನ್ ಡೈಆಕ್ಸೈಡ್‌ನ ಒತ್ತಡಕ್ಕೆ ಪೋರ್ಟಲ್ ರಕ್ತನಾಳದ ಹರಿವು ನಿಧಾನವಾಗುತ್ತದೆ. ಜಠರದ ಅಂಚಿನ ರಕ್ತನಾಳಗಳನ್ನು ಕತ್ತರಿಸಲೇಬೇಕು. ಆಮೇಲೆ ಗುಟುಕು ಗುಟುಕಾಗಿ ಮಾತ್ರ ನೀರು ಇಳಿಯುವುದರಿಂದ ಮೈಯಲ್ಲಿ ನೀರಿನಂಶ ಕಡಿಮೆಯಾಗುತ್ತದೆ. ಕೆಲವರ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಹುಟ್ಟಿನಿಂದಲೇ ಇರುತ್ತದೆ. ನನಗೂ ಪ್ರೋಟೀನ್ ಎಸ್ ಕೊರತೆ ಇರುವುದು ಮುಂದೆ ಗೊತ್ತಾಯಿತು. ಸಕ್ಕರೆ ಕಾಯಿಲೆಯಿಂದ ಬಿಡಿಸಿಕೊಳ್ಳಲು ನಾನು ಮಾಡಿದ ನಿರ್ಧಾರ ಇಷ್ಟೆಲ್ಲದರ ನಡುವೆ ಒಂದು ಎಳೆ.

ಹುಟ್ಟಿನಿಂದ ಬಂದದ್ದೂ ಪೂರ್ವಜನ್ಮದ ಫಲವೇ ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಲೆಕ್ಕವನ್ನು ಓದಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ತನಗೇ ಓದಲು ಬಾರದ ಲೆಕ್ಕವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಧರ್ಮವಲ್ಲ. ಕರ್ಮದ ಮಾತು ನನ್ನ ಮುಂದಿನ ನಡತೆಯನ್ನು ತಿದ್ದಿಕೊಳ್ಳಲು ನನಗೆ ಬೇಕು. ನರಳುವವರ ಮೇಲೆ ತೀರ್ಪು ಕೊಡಲು ಯಾರಿಗೂ ಬೇಡ.

ಈ ತೀರ್ಪಿನಿಂದ ಜೀವಕ್ಕೇ ಕುತ್ತು ಬರುತ್ತದೆ. ಬೈಸಿಕೊಂಡವರು ನೋವನ್ನು ನುಂಗಿಕೊಂಡು ಸುಮ್ಮನಿರುತ್ತಾರೆ. ಹೆಪ್ಪು ಬೆಳೆದರೆ ಕರುಳೇ ಕೊಳೆಯಬಹುದು. ಬೇಗ ಗೊತ್ತಾದರೆ ಹೆಪರಿನ್, ಆಮೇಲೆ ಕೆಲವು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ. ಹೆಚ್ಚಿನವರು ಇಷ್ಟಕ್ಕೇ ಗುಣವಾಗುತ್ತಾರೆ. ನಾನೂ ಗುಣವಾದೆ.

ಇಂಥ ಆಪರೇಷನ್ ಮಾಡಿಸಿಕೊಂಡವರೇ, ಮೊದಲ ತಿಂಗಳಲ್ಲಿ ಬಿಡದ ಹೊಟ್ಟೆನೋವು, ಜ್ವರ, ವಾಂತಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯವರೇ, ಯಾಕೆ ಮಾಡಿಸಿಕೊಂಡೆ ಎಂದು ಕೇಳಬೇಡಿ, ಜೊತೆಗೆ ಹೋಗಿ.