ಬಾಲಕನನ್ನು ಕೇಳಿದಿರೋ?

ನಡೆಯಲಾರದ ಬಾಲಕನೊಬ್ಬನನ್ನು ತಾಯಿಯು ಎತ್ತಿಕೊಂಡು ಶಾಲೆಗೆ ತರುತ್ತಾಳೆಂದು ಎಣಿಸಿರಿ. ಉಪಾಧ್ಯಾಯರು, "ಇವನು ಎಲ್ಲಿ ಕೂತುಕೊಳ್ಳಲಿ, ಅಮ್ಮಾ?" ಎಂದು ಆಕೆಯನ್ನು ಕೇಳುತ್ತಾರೆ. ಆಕೆಯು, "ಬಾಗಿಲ ಬಳಿಯಲ್ಲೇ ಇರಲಿ, ಮಾಸ್ತರೇ, ಎತ್ತಿಕೊಂಡು ಹೋಗಲು ಸುಲಭ" ಅನ್ನುತ್ತಾಳೆ. ಇಬ್ಬರೂ ದಯೆಯುಳ್ಳವರೇ. ಬಾಲಕನ ಮನಸ್ಸಾದರೋ ಗೆಳೆಯರ ಸಾಲಿನಲ್ಲಿರುತ್ತದೆ. ಅವನನ್ನು ಯಾರೂ ಕೇಳುವದಿಲ್ಲ.

ಕಾಲಿನ ಕುಂದು ಬುದ್ಧಿಯ ಕುಂದಲ್ಲ. ಸೆರೆಬ್ರಲ್ ಪಾಲ್ಸಿ ಎಂಬ ಬಾಧೆಯುಳ್ಳ ಕೆಲವು ಮಕ್ಕಳಿಗೆ ನಾಲಿಗೆಯು ವಶವಾಗಿರುವದಿಲ್ಲ. ಆದರೂ ಅವರಲ್ಲಿ ಅನೇಕರ ಬುದ್ಧಿಯು ಚುರುಕಾಗಿಯೇ ಇರುತ್ತದೆ. ಚಿತ್ರಗಳನ್ನೂ ಅಕ್ಷರಗಳನ್ನೂ ಬರೆದ ಹಲಗೆಯನ್ನು ಮುಂದಿಟ್ಟರೆ, ಬೆರಳಿನಿಂದಾಗಲಿ ಕಣ್ಣಿನಿಂದಾಗಲಿ ತೋರಿಸಿ ತಮ್ಮ ಇಷ್ಟವನ್ನು ತಿಳಿಸಬಲ್ಲವರುಂಟು. ಇದಕ್ಕೆ ಹಣಕ್ಕಿಂತ ತಾಳ್ಮೆಯೇ ಹೆಚ್ಚಾಗಿ ಬೇಕು. ಮಾತು ಅರ್ಧವಾಗಿರುವಾಗಲೇ ನಾವು ಅದನ್ನು ಪೂರ್ತಿಮಾಡಿದರೆ ಅದು ನಮ್ಮ ಮಾತಾಗುವದೇ ಹೊರತು ಅವರದಾಗದು.

ಭಾರತದ 2016ನೇ ಇಸವಿಯ ವಿಕಲಚೇತನರ ಹಕ್ಕುಗಳ ಕಾಯಿದೆಯ 4ನೇ ಕಲಮು, ಇಂಥ ಮಕ್ಕಳು ತಮಗೆ ಸಂಬಂಧಪಟ್ಟ ಎಲ್ಲಾ ಸಂಗತಿಗಳಲ್ಲಿ ತಮ್ಮ ಅಭಿಪ್ರಾಯವನ್ನು ಇತರರಿಗೆ ಸಮಾನವಾಗಿ ಹೇಳುವ ಹಕ್ಕುಳ್ಳವರೆಂದೂ, ವಯಸ್ಸಿಗೂ ಕುಂದಿಗೂ ತಕ್ಕ ಸಹಾಯವು ಅವರಿಗೆ ದೊರೆಯಬೇಕೆಂದೂ ವಿಧಿಸುತ್ತದೆ.

ಹಾಗಾದರೆ ಮಗು ಬೇಡಿದ್ದನ್ನೆಲ್ಲಾ ಕೊಡಬೇಕೋ? ಹಾಗಲ್ಲ. ಬೀಳುವ ಅಪಾಯವಿದ್ದರೆ ಬೇಡವೆನ್ನುವದು ಹಿರಿಯರ ಕರ್ತವ್ಯವೇ. ಆದರೆ ಅವನ ಮಾತನ್ನು ಮೊದಲು ಕೇಳಿ, ಆಮೇಲೆ ಕಾರಣವನ್ನು ಅವನಿಗೇ ತಿಳಿಸಿ ಬೇಡವೆನ್ನತಕ್ಕದ್ದು. ಕೇಳದೆ ಕೊಟ್ಟ ಉಪಕಾರವು ಕೆಲವು ಸಾರಿ ಭಾರವಾಗುತ್ತದೆ.

ಆದಕಾರಣ ತಾಯಿತಂದೆಗಳೇ, ಉಪಾಧ್ಯಾಯರೇ, ಬಾಲಕನನ್ನೇ ಕೇಳಿರಿ. ಉತ್ತರವು ಬರುವ ತನಕ ಕಾದುಕೊಂಡಿರಿ.