ಬಡಿಸುವ ಕೈಗೆ ಗೊತ್ತಿರಬೇಕು

ಉಣ್ಣುವ ಅನ್ನಕ್ಕೆ ವಿಷವಿಕ್ಕುವುದು ಮಹಾಪಾಪವೆಂದು ಕೇಳುತ್ತಲೇ ನಾವೆಲ್ಲ ಬೆಳೆದೆವು. ಆದರೆ ವಿಷ ಬೆರೆಸಿದವರು ಯಾರೋ ಆಗಿ, ಅರಿಯದೆ ಬಡಿಸಿದ ಕೈ ತಾಯಿಯದೇ ಆಗಿದ್ದರೆ ಪಾಪ ಯಾರದು? ಪಾದರಸದ ಪಾಠ ಮಾಡುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಮಕ್ಕಳಿಗೆ ಪಾದರಸವೆಂದರೆ ಥರ್ಮಾಮೀಟರಿನೊಳಗಿನ ಬೆಳ್ಳಿಯ ಗೆರೆ. ಅದೇ ಪಾದರಸ ನೀರಿಗೆ ಸೇರಿದರೆ ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವೆಂಬ ಘೋರ ವಿಷವಾಗಿ ಮಾರ್ಪಡಿಸುತ್ತವೆ. ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಹೋದಂತೆ ವಿಷ ಹೆಚ್ಚುತ್ತದೆ. ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ.

ಜಪಾನಿನ ಮಿನಮಾಟ ಎಂಬ ಕಡಲೂರಿನಲ್ಲಿ ಚಿಸ್ಸೊ ಕಾರ್ಖಾನೆ ಪಾದರಸದ ಕೊಳಚೆಯನ್ನು ಕೊಲ್ಲಿಗೆ ಬಿಡುತ್ತಿತ್ತು. ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರಲ್ಲಿ ಮನುಷ್ಯರ ಕಾಯಿಲೆಯೂ ದಾಖಲಾಯಿತು. ಗರ್ಭದ ಕೂಸಿಗೆ ಮಾಸು ಕಾವಲೆಂದು ವೈದ್ಯರೂ ನಂಬಿದ್ದ ಕಾಲ ಅದು. ಈ ವಿಷ ಮಾಸನ್ನೂ ದಾಟಿತು. ಮೇಲುನೋಟಕ್ಕೆ ಗಟ್ಟಿಯಾಗಿದ್ದ ತಾಯಂದಿರಿಗೆ ಕೈಕಾಲು ಸೆಟೆದ ಮಕ್ಕಳು ಹುಟ್ಟಿದವು.

ಕಾರ್ಖಾನೆಯ ಆಸ್ಪತ್ರೆಯಲ್ಲೇ ಇದ್ದ ಡಾ. ಹೊಸೊಕಾವಾ 1959ರಲ್ಲಿ ಆ ಕೊಳಚೆಯನ್ನು ಬೆಕ್ಕೊಂದಕ್ಕೆ ತಿನ್ನಿಸಿ ನೋಡಿದರು. ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ವಿಷಯವನ್ನು ಮುಚ್ಚಿಟ್ಟಿತು. 1968ರವರೆಗೂ ವಿಷ ಹರಿಯಿತು. 1970ರಲ್ಲಿ, ಸಾಯುವ ಕೆಲವು ತಿಂಗಳ ಮೊದಲು, ಆಸ್ಪತ್ರೆಯ ಹಾಸಿಗೆಯಿಂದಲೇ ಅವರು ನ್ಯಾಯಾಲಯಕ್ಕೆ ಸಾಕ್ಷಿ ನುಡಿದರು. ಅವರನ್ನು ಹಳಿಯುವುದು ಸುಲಭ. ಉಂಡ ಮನೆಗೆ ಎರಡು ಬಗೆಯಬಾರದೆಂದು ನಾವೂ ಹೇಳುತ್ತೇವಲ್ಲ! ಆದರೆ ಆ ಮನೆಯೇ ಊರಿನ ಅನ್ನ ಕೆಡಿಸುತ್ತಿದ್ದರೆ ಯಾರ ಋಣ ದೊಡ್ಡದು?

ಇದು ದೂರದ ಕಥೆಯೆಂದು ಸುಮ್ಮನಿರುವಂತಿಲ್ಲ. ನಮ್ಮ ಕಾರವಾರದ ಕಾಸ್ಟಿಕ್ ಸೋಡ ಕಾರ್ಖಾನೆಯ ಬಳಿ ಪಾದರಸವನ್ನು ಅಳೆದು ಕೃಷ್ಣಕುಮಾರ್ ಮತ್ತು ಪಿಳ್ಳೈ ಎಂಬ ವಿಜ್ಞಾನಿಗಳು 1990ರಲ್ಲಿ ಇಂಗ್ಲಿಷ್ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಅವರು ತಮ್ಮ ಕೆಲಸ ಮಾಡಿದರು. ಆದರೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು, ಅವಳಿಂದ ಕೊಂಡು ಸಾರು ಮಾಡುವ ಗೃಹಿಣಿ ಆ ಪತ್ರಿಕೆಯನ್ನು ಎಲ್ಲಿ ಓದಿಯಾರು?

ಘಟ್ಟದ ಮೇಲಿನ ನಮ್ಮ ಮಾತೂ ಬೇರೆಯಲ್ಲ. ಆಲೂಗಡ್ಡೆ, ಕಬ್ಬಿನ ಬಿತ್ತನೆಗೆ ಬಳಸುತ್ತಿದ್ದ ಪಾದರಸದ ಶಿಲೀಂಧ್ರನಾಶಕವನ್ನು ಸರ್ಕಾರ ನಿಷೇಧಿಸಿದ್ದು 2018ರಲ್ಲಿ. ತೋಟಕ್ಕೆ, ಗದ್ದೆಗೆ ಹೊಡೆಯುವ ಎಲ್ಲ ವಿಷಕ್ಕೂ ನಾವು 'ಔಷಧಿ' ಎಂದೇ ಹೇಳುತ್ತೇವೆ. ಆ ಹೆಸರಿನಲ್ಲೇ ಅರ್ಧ ಸತ್ಯ ಮುಚ್ಚಿಹೋಗುತ್ತದೆ. ಮೂಡಿಗೆರೆ, ಕಳಸದ ಕಡೆ ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಬಂದರೆ ಲೈನ್ ಮನೆಯ ತಾಯಿಗೆ ಅಂದು ಹಬ್ಬ. ಮೇಲಿನ ತೋಟಕ್ಕೆ ಏನು ಹೊಡೆದಿದ್ದಾರೆಂದು ಅವಳಿಗೆ ಹೇಳಬೇಕಾದವರು ಯಾರು?

ಅರಿಯದೆ ಬಡಿಸಿದವಳಿಗೆ ಪಾಪವಿಲ್ಲ. ಅರಿತೂ ಅವಳಿಗೆ ಹೇಳದವರಿಗೆ ಇದೆ ಎಂದೇ ನನ್ನ ಎಣಿಕೆ. 'ಪೂರ್ತಿ ಸಾಬೀತಾಗಲಿ, ಆಮೇಲೆ ಹೇಳೋಣ' ಎನ್ನುವವರು ಅವಳ ಮಕ್ಕಳನ್ನು ಆ ಬೆಕ್ಕಿನ ಜಾಗದಲ್ಲಿ ಇಟ್ಟಿರುತ್ತಾರೆ.

ಹಾಗೆಂದು ಮೀನೇ ಬೇಡವೆಂದು ಹೆದರಿಸುವುದೂ ತಪ್ಪು. ಬಡವರ ಮನೆಯ ಪುಷ್ಟಿ ಅದು. ಬೂತಾಯಿ, ಬಂಗುಡೆಯಂಥ ಸಣ್ಣ ಮೀನಿನಲ್ಲಿ ಪಾದರಸ ಕಡಿಮೆ. ಬೇರೆ ಮೀನನ್ನು ಬೇಟೆಯಾಡುವ ಶಾರ್ಕಿನಂಥ ದೊಡ್ಡ ಮೀನಿನಲ್ಲಿ ಹೆಚ್ಚು. ಬಸುರಿಯರು ಅಂಥವನ್ನು ಬಿಡುವುದು ಒಳ್ಳೆಯದು. ನೆರೆಮನೆಯ ಬಸುರಿಗೆ ಇಷ್ಟು ಹೇಳುವುದಕ್ಕೆ ಯಾವ ಪದವಿಯೂ ಬೇಕಿಲ್ಲ.